ಪಾಸ್‌ವರ್ಡ್ ಪದೇ ಪದೇ ಬದಲಿಸಬೇಕಿಲ್ಲ

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೊ ಕೊರ್ಬಾಟೊ ಅವರ ತಂಡ ಅಲ್ಲಿ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಕಟ್ಟಿತ್ತು. ಯಂತ್ರ ಒಂದೇ, ಅದನ್ನು ಹಂಚಿಕೊಂಡು ಬಳಸುವವರು ಹಲವರು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕಬಾರದು, ಒಬ್ಬರ ಪಾಲಿನ ಸಮಯವನ್ನು ಇನ್ನೊಬ್ಬರು ಕಬಳಿಸಬಾರದು ಎಂದು ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಿನ ಪದ ಕೊಡಲಾಯಿತು. ಅದನ್ನು ಮುರಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ವಾರಕ್ಕೆ ಸಿಗುತ್ತಿದ್ದ ಕೆಲವೇ ಗಂಟೆ ಸಾಲದೆ ಹೋದ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ 1962ರಲ್ಲಿ ಪಂಚ್ ಕಾರ್ಡ್ ಮೂಲಕ ಪಾಸ್‌ವರ್ಡ್ ಕಡತವನ್ನೇ ಮುದ್ರಿಸುವಂತೆ ಕೋರಿಕೆ ಸಲ್ಲಿಸಿದರು. ಯಂತ್ರ ಮರುಮಾತಿಲ್ಲದೆ ಮುದ್ರಿಸಿಕೊಟ್ಟಿತು. 1966ರಲ್ಲಂತೂ ಕಳ್ಳತನವೇ ಬೇಕಾಗಲಿಲ್ಲ. ತಾಂತ್ರಿಕ ದೋಷದಿಂದ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿತು.

ಈ ಎರಡೂ ಪ್ರಸಂಗಗಳಲ್ಲಿ ಬಳಕೆದಾರರ ತಪ್ಪು ಏನೂ ಇರಲಿಲ್ಲ. ಪಾಸ್‌ವರ್ಡ್‌ಗಳನ್ನು ಇಟ್ಟುಕೊಂಡವರು ಇದ್ದದ್ದು ಇದ್ದ ಹಾಗೇ ಇಟ್ಟಿದ್ದರು, ಅಷ್ಟೆ. ಇದಕ್ಕೆ ಪರಿಹಾರವಾಗಿ ಬಂದದ್ದು ಹ್ಯಾಶ್ ಎಂಬ ಗಣಿತದ ವಿಧಾನ. ಪಾಸ್‌ವರ್ಡನ್ನು ಅದರೊಳಗೆ ಹಾಕಿದರೆ ಉದ್ದನೆಯ, ಅರ್ಥವಿಲ್ಲದ ಅಕ್ಷರಮಾಲೆಯೊಂದು ಹೊರಬರುತ್ತದೆ. ಬೀಸಿದ ಹಿಟ್ಟಿನಿಂದ ರಾಗಿಕಾಳು ಮರಳಿ ಬಾರದ ಹಾಗೆ, ಈ ಮಾಲೆಯಿಂದ ಮೂಲ ಪಾಸ್‌ವರ್ಡನ್ನು ಹಿಂದಕ್ಕೆ ಪಡೆಯಲಾಗದು. ಸರ್ವರ್ ಈ ಮಾಲೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಲಾಗಿನ್ ಸಮಯದಲ್ಲಿ ಟೈಪ್ ಮಾಡಿದ್ದನ್ನು ಮತ್ತೆ ಹ್ಯಾಶ್ ಮಾಡಿ ಎರಡೂ ಹೊಂದುತ್ತವೆಯೇ ಎಂದು ನೋಡುತ್ತದೆ. ಮರೆತ ಪಾಸ್‌ವರ್ಡನ್ನು ಹಾಗೆಯೇ ಇಮೇಲ್‌ನಲ್ಲಿ ಕಳುಹಿಸಿಕೊಡುವ ತಾಣವೊಂದಿದ್ದರೆ, ಅದು ಈ ಕನಿಷ್ಠ ಕೆಲಸವನ್ನೂ ಮಾಡಿಲ್ಲವೆಂದೇ ತಿಳಿಯಬೇಕು.

ಹ್ಯಾಶನ್ನು ಹಿಂದಕ್ಕೆ ತಿರುಗಿಸಲಾಗದಿದ್ದರೂ ಊಹಿಸಿ ನೋಡಬಹುದು. ನಿಘಂಟಿನ ಒಂದೊಂದೇ ಪದವನ್ನು ಹ್ಯಾಶ್ ಮಾಡಿ ಕದ್ದ ಪಟ್ಟಿಯೊಂದಿಗೆ ಹೋಲಿಸುತ್ತಾ ಹೋದರಾಯಿತು. ಯುನಿಕ್ಸ್ ವ್ಯವಸ್ಥೆಯ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅವರು ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇಕಡಾ 86ರಷ್ಟು ತೀರಾ ಚಿಕ್ಕವು, ಇಲ್ಲವೇ ನಿಘಂಟಿನಲ್ಲಿ ಅಥವಾ ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು. ಅದೇ ಪ್ರಬಂಧ ‘ಸಾಲ್ಟ್’ ವಿಧಾನವನ್ನೂ ವಿವರಿಸಿತು. ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆಯಾದ ಒಂದಿಷ್ಟು ಅಕ್ಷರಗಳನ್ನು ಬೆರೆಸಿ ಹ್ಯಾಶ್ ಮಾಡಿದರೆ, ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ಹ್ಯಾಶ್ ಬೇರೆಯಾಗುತ್ತದೆ. ಕಳ್ಳ ಒಂದೇ ಏಟಿಗೆ ಇಡೀ ಪಟ್ಟಿಯನ್ನು ಒಡೆಯಲಾರ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಗುರಿ ಮಾಡಬೇಕು. ಒಂಬತ್ತು ವರ್ಷಗಳ ನಂತರ, 1988ರ ನವೆಂಬರಿನಲ್ಲಿ, ಅಂತರಜಾಲವನ್ನು ಹೊಕ್ಕು ಸಾವಿರಾರು ಕಂಪ್ಯೂಟರುಗಳನ್ನು ಸ್ತಬ್ಧಗೊಳಿಸಿದ ವರ್ಮ್ ಎಂಬ ಕುತಂತ್ರಾಂಶ ಹರಡಲು ಬಳಸಿದ ಉಪಾಯಗಳಲ್ಲಿ ಒಂದು, ಸಾಮಾನ್ಯ ಪಾಸ್‌ವರ್ಡ್‌ಗಳ ಪುಟ್ಟ ಪಟ್ಟಿ. ಅದನ್ನು ಬರೆದವರು ಇದೇ ಮೋರಿಸ್ ಅವರ ಮಗ.

ನಲವತ್ತು ವರ್ಷಗಳ ಹಿಂದೆ ಊಹೆಗೆ ಸಮಯ ಹಿಡಿಯುತ್ತಿತ್ತು. ಈಗ ವಿಡಿಯೋ ಗೇಮ್‌ಗೆಂದು ಮಾರುವ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್, ಎಂಡಿ5 ಎಂಬ ಹಳೆಯ ಹ್ಯಾಶನ್ನು ಸೆಕೆಂಡಿಗೆ ಹತ್ತು ಸಾವಿರ ಕೋಟಿಗೂ ಹೆಚ್ಚು ಸಲ ಪರೀಕ್ಷಿಸಬಲ್ಲದು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಂದ ಸಾಧ್ಯವಾಗುವ ಪಾಸ್‌ವರ್ಡ್‌ಗಳು ಒಟ್ಟು ಸುಮಾರು 20,900 ಕೋಟಿ. ಎಲ್ಲವನ್ನೂ ತೀರಿಸಲು ಎರಡು ಮೂರು ಸೆಕೆಂಡು ಸಾಕು. ಅದಕ್ಕೇ 1999ರ ಬಿಕ್ರಿಪ್ಟ್, 2015ರಲ್ಲಿ ಸ್ಪರ್ಧೆಯೊಂದರಲ್ಲಿ ಗೆದ್ದ ಆರ್ಗಾನ್2 ಮುಂತಾದ ವಿಧಾನಗಳನ್ನು ಬೇಕೆಂದೇ ನಿಧಾನವಾಗಿ ರೂಪಿಸಲಾಗಿದೆ. ಒಮ್ಮೆ ಲಾಗಿನ್ ಆಗುವವರಿಗೆ ಅರ್ಧ ಸೆಕೆಂಡಿನ ತಡ ಗೊತ್ತೇ ಆಗದು. ಕೋಟಿಗಟ್ಟಲೆ ಊಹೆ ಮಾಡುವವನಿಗೆ ಅದು ವರ್ಷಗಳ ಮಾತಾಗುತ್ತದೆ.

ಉಪಾಯ ಗೊತ್ತಿದ್ದೂ ಬಳಸದವರು ದೊಡ್ಡ ಕಂಪನಿಗಳಲ್ಲೇ ಇದ್ದರು. 2009ರಲ್ಲಿ ರಾಕ್‌ಯೂ ಎಂಬ ತಾಣದಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದಾಗ ಅವು ಹ್ಯಾಶ್ ಕೂಡ ಆಗಿರಲಿಲ್ಲ. ಆ ಬಳಕೆದಾರರಲ್ಲಿ ಸುಮಾರು 2.9 ಲಕ್ಷ ಮಂದಿ ಇಟ್ಟುಕೊಂಡಿದ್ದದ್ದು 123456. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದವು ಸಾಲ್ಟ್ ಇಲ್ಲದ ಹ್ಯಾಶ್‌ಗಳು. ಮೊದಲು 65 ಲಕ್ಷ ಎಂದುಕೊಂಡಿದ್ದರೆ, ಕಳುವಾದದ್ದು 11 ಕೋಟಿಗೂ ಹೆಚ್ಚು ಎಂಬುದು 2016ರಲ್ಲಿ ಬಯಲಾಯಿತು. ಇಂಥ ಸೋರಿಕೆಗಳಿಂದ ಊಹಿಸುವವರ ಕೆಲಸ ಹಗುರವಾಯಿತು. ನಿಘಂಟಿನ ಬದಲು, ಜನ ನಿಜವಾಗಿಯೂ ಇಟ್ಟುಕೊಳ್ಳುವ ಪಾಸ್‌ವರ್ಡ್‌ಗಳ ಪಟ್ಟಿಯೇ ಅವರ ಕೈಗೆ ಸಿಕ್ಕಿತು.

ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಆಗಾಗ ಬದಲಾವಣೆ: ಎಲ್ಲ ಕಚೇರಿಗಳಲ್ಲೂ ಕೇಳಿಬರುವ ಈ ನಿಯಮಗಳನ್ನು ಜಗತ್ತಿಗೆ ಹರಡಿದ್ದು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹೊರತಂದ ಮಾರ್ಗಸೂಚಿಯ ಅನುಬಂಧ. ಅದನ್ನು ಬರೆದ ಬಿಲ್ ಬರ್, ತಾವು ಬರೆದ ಬಹುಪಾಲಿನ ಬಗ್ಗೆ ಈಗ ವಿಷಾದವಿದೆ ಎಂದು 2017ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದರು. ಜನರ ನಿಜವಾದ ಪಾಸ್‌ವರ್ಡ್‌ಗಳ ಮಾಹಿತಿ ಅವರಿಗೆ ಆಗ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಒಂದು ಸಂಗತಿ ಕಾಣುತ್ತಿತ್ತು. ದೊಡ್ಡಕ್ಷರ ಕೇಳಿದರೆ ಜನ ಅದನ್ನು ಮೊದಲಿಗೇ ಹಾಕುತ್ತಾರೆ, ಅಂಕಿ ಕೇಳಿದರೆ ಕೊನೆಗೆ, ಚಿಹ್ನೆ ಕೇಳಿದರೆ ನಡುವೆ ಒಂದು @. Bengaluru@2024 ಎಂಬುದು ಎಲ್ಲ ನಿಯಮಗಳನ್ನೂ ಪಾಲಿಸುತ್ತದೆ, ಯಾವ ಊಹಕನನ್ನೂ ತಡೆಯುವುದಿಲ್ಲ. ವರ್ಷ ತಿರುಗಿದಾಗ ಅದು Bengaluru@2025 ಆಗುತ್ತದೆ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತಮ್ಮಲ್ಲೇ ಅವಧಿ ಮುಗಿದಿದ್ದ ಖಾತೆಗಳ ಪಾಸ್‌ವರ್ಡ್‌ಗಳನ್ನು ಅಧ್ಯಯನ ಮಾಡಿದರು. ಹಳೆಯದು ಗೊತ್ತಿದ್ದರೆ ಶೇಕಡಾ 17ರಷ್ಟು ಖಾತೆಗಳ ಹೊಸ ಪಾಸ್‌ವರ್ಡನ್ನು ಐದೇ ಊಹೆಗಳೊಳಗೆ ಹಿಡಿಯಬಹುದಾಗಿತ್ತು.

2017ರಲ್ಲಿ ನಿಸ್ಟ್ ತನ್ನ ಮಾತನ್ನು ತಿರುವುಮುರುವು ಮಾಡಿತು. ಚಿಹ್ನೆ, ಅಂಕಿಗಳ ಬಲವಂತ ಬೇಡ, ಅವಧಿ ನೋಡಿಕೊಂಡು ಬದಲಿಸುವುದು ಬೇಡ, ಸೋರಿದೆ ಎಂಬ ಸುಳಿವು ಸಿಕ್ಕಾಗ ಮಾತ್ರ ಬದಲಿಸಿದರೆ ಸಾಕು, ಉದ್ದಕ್ಕೆ ಅಡ್ಡಿ ಮಾಡಬಾರದು, ಸೋರಿದ ಪಟ್ಟಿಗಳಲ್ಲಿ ಇರುವುದನ್ನು ಒಪ್ಪಬಾರದು ಎಂದಿತು. 2019ರಲ್ಲಿ ಮೈಕ್ರೊಸಾಫ್ಟ್ ಕೂಡ ವಿಂಡೋಸ್ ಭದ್ರತಾ ಶಿಫಾರಸುಗಳಿಂದ ಅವಧಿಯ ನಿಯಮವನ್ನು ಕೈಬಿಟ್ಟಿತು. ಇಷ್ಟಾದರೂ ಎಷ್ಟೋ ಕಚೇರಿ, ಬ್ಯಾಂಕ್, ಸರ್ಕಾರಿ ಪೋರ್ಟಲ್‌ಗಳು ಹಳೆಯ ಪದ್ಧತಿಯನ್ನೇ ಹಿಡಿದುಕೊಂಡಿವೆ. ಆಡಿಟ್‌ನ ಪಟ್ಟಿಯಲ್ಲಿ ಗುರುತು ಹಾಕಲು ಅದು ಅನುಕೂಲ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆ ಸಿಗುವುದು ಕಷ್ಟ. ಕೆಲವು ತಾಣಗಳಲ್ಲಿ ಪಾಸ್‌ವರ್ಡ್ ಪೇಸ್ಟ್ ಮಾಡಲೂ ಬಿಡುವುದಿಲ್ಲ. ಇದರಿಂದ ಕಳ್ಳರಿಗೆ ಯಾವ ತೊಂದರೆಯೂ ಇಲ್ಲ, ಉದ್ದನೆಯ ಪಾಸ್‌ವರ್ಡ್ ಇಟ್ಟುಕೊಂಡವರಿಗೆ ಮಾತ್ರ ಶಿಕ್ಷೆ.

ಈ ನಿಯಮಗಳ ಗದ್ದಲದಲ್ಲಿ ಮರೆಯಾದ ಅಪಾಯ ಬೇರೆಯೇ ಇದೆ. ಅದು ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸುವುದು. ಎಂದೋ ಒಮ್ಮೆ ಕೂಪನ್‌ಗಾಗಿ ಖಾತೆ ತೆರೆದ ಸಣ್ಣ ತಾಣ ಸೋರಿದರೆ, ಕಳ್ಳರು ಅಲ್ಲಿನ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ತಂತ್ರಾಂಶದ ಮೂಲಕ ನೂರಾರು ಬೇರೆ ತಾಣಗಳಲ್ಲಿ ಹಾಕಿ ನೋಡುತ್ತಾರೆ. ಪಾಸ್‌ವರ್ಡ್ ಎಷ್ಟು ಕ್ಲಿಷ್ಟವಾಗಿದ್ದರೂ ಇಲ್ಲಿ ಉಪಯೋಗವಿಲ್ಲ, ಏಕೆಂದರೆ ಯಾರೂ ಊಹಿಸುತ್ತಲೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇಮೇಲ್ ಖಾತೆ. ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಯಾವ ಸೋರಿಕೆಯಲ್ಲಿ ಯಾರ ಇಮೇಲ್ ಇದೆ ಎಂದು ನೋಡಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪ್ವೋನ್ಡ್’ ತಾಣ ನಂಬಿಕಸ್ಥವಾದದ್ದು. ಪಾಸ್‌ವರ್ಡ್ ಸೋರಿದೆಯೇ ಎಂದೂ ಅಲ್ಲಿ ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸುವಾಗ ಪಾಸ್‌ವರ್ಡ್ ಅಲ್ಲಿಗೆ ಹೋಗುವುದಿಲ್ಲ, ಅದರ ಹ್ಯಾಶ್‌ನ ಮೊದಲ ಐದು ಅಕ್ಷರ ಮಾತ್ರ ಹೋಗುತ್ತವೆ.

ಸೂತ್ರದಿಂದ ಹುಟ್ಟುವ ಪಾಸ್‌ವರ್ಡ್‌ಗಳದ್ದು ಇನ್ನೊಂದು ಕಥೆ. ಇ-ಆಧಾರ್ ಪಿಡಿಎಫ್ ತೆರೆಯಲು ಬೇಕಾದದ್ದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಹೆಸರು, ವಯಸ್ಸು ಗೊತ್ತಿರುವ ಯಾರಿಗೂ ಅದು ಗುಟ್ಟಲ್ಲ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಹೋದ ಅಂಥ ಕಡತವನ್ನು ಬೀಗ ಹಾಕದ ಕಡತವೆಂದೇ ಭಾವಿಸಿ ಅಳಿಸಿ ಬರುವುದು ಲೇಸು.

ಒಳ್ಳೆಯ ಪಾಸ್‌ವರ್ಡಿಗೆ ಬೇಕಾದದ್ದು ಉದ್ದ ಮತ್ತು ಗೊತ್ತುಗುರಿಯಿಲ್ಲದ ಆಯ್ಕೆ. ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಸೂಚಿಸಿದ ಡೈಸ್‌ವೇರ್ ವಿಧಾನದಲ್ಲಿ 7,776 ಪದಗಳ ಪಟ್ಟಿ ಇರುತ್ತದೆ, ದಾಳವನ್ನು ಐದು ಸಲ ಉರುಳಿಸಿ ಒಂದು ಪದ ಆರಿಸಬೇಕು. ಹೀಗೆ ಆರಿಸಿದ ನಾಲ್ಕು ಪದಗಳಿಗೆ ಸುಮಾರು 36 ಕೋಟಿ ಕೋಟಿ ಸಾಧ್ಯತೆಗಳಿವೆ. ಐದು ಅಥವಾ ಆರು ಪದಗಳಾದರೆ ಇನ್ನೂ ಭದ್ರ. ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದೂ ಹೀಗೆ ಕಟ್ಟಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಪದಗಳಾಗಿರಬೇಕು, ಗಾದೆ, ಚಿತ್ರಗೀತೆಯ ಸಾಲು, ಮಕ್ಕಳ ಹೆಸರು ಆಗದು. ತೊಡಕಿರುವುದು ಕಾಗುಣಿತದಲ್ಲಿ. ‘ಹಾಲು’ ಪದಕ್ಕೆ ಇಂಗ್ಲಿಷಿನಲ್ಲಿ ಒಂದು ಎ ಹಾಕುವುದೇ ಎರಡು ಎ ಹಾಕುವುದೇ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿದ್ದರೆ, ಆರು ತಿಂಗಳ ಬಳಿಕ ಸ್ವಂತ ಖಾತೆಯ ಬಾಗಿಲಲ್ಲೇ ನಿಲ್ಲಬೇಕಾದೀತು. ನೇರವಾಗಿ ಕನ್ನಡ ಲಿಪಿಯಲ್ಲೇ ಇಡುವ ಆಸೆ ಸಹಜ, ಆದರೆ ಸದ್ಯಕ್ಕೆ ಬೇಡ. ಅರ್ಧಾಕ್ಷರಗಳ ನಡುವೆ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆ.

ಐವತ್ತು ಖಾತೆಗಳಿಗೆ ಐವತ್ತು ಬೇರೆ ಪಾಸ್‌ವರ್ಡ್ ನೆನಪಿಡುವುದು ಯಾರಿಂದಲೂ ಆಗದ ಕೆಲಸ, ನೆನಪಿಡಬೇಕಾಗಿಯೂ ಇಲ್ಲ. ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶಗಳು ಇರುವುದೇ ಅದಕ್ಕೆ. ಬ್ರೌಸರ್‌ನಲ್ಲಿ, ಫೋನಿನಲ್ಲಿ ಈಗ ಅವು ಜೊತೆಯಲ್ಲೇ ಬರುತ್ತವೆ. ಒಂದೇ ಉದ್ದನೆಯ ಮುಖ್ಯ ಪಾಸ್‌ವರ್ಡ್ ನೆನಪಿದ್ದರೆ ಸಾಕು. ಅವುಗಳಿಂದ ಇನ್ನೊಂದು ಲಾಭವೂ ಇದೆ. ಬ್ಯಾಂಕಿನ ತಾಣದಂತೆಯೇ ಕಾಣುವ ನಕಲಿ ತಾಣಕ್ಕೆ ಹೋದರೆ ಮನುಷ್ಯರ ಕಣ್ಣು ಮೋಸ ಹೋಗಬಹುದು, ಮ್ಯಾನೇಜರ್ ಮಾತ್ರ ವಿಳಾಸ ಹೊಂದದ ಕಾರಣ ಪಾಸ್‌ವರ್ಡ್ ತುಂಬುವುದಿಲ್ಲ. ಇದೆಲ್ಲ ಒಗ್ಗದ ಹಿರಿಯರು ಪುಸ್ತಕವೊಂದರಲ್ಲಿ ಬರೆದು ಬೀರುವಿನಲ್ಲಿ ಇಟ್ಟುಕೊಂಡರೆ ನಗುವಂಥದ್ದೇನಿಲ್ಲ. ದೂರದೇಶದ ಕಳ್ಳನಿಗೆ ಮನೆಯ ಬೀರು ಎಟುಕದು. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಬಳಸುವುದಕ್ಕಿಂತ ಅದು ಎಷ್ಟೋ ಮೇಲು. ಪುಸ್ತಕವನ್ನು ಫೋಟೊ ತೆಗೆದು ಕುಟುಂಬದ ವಾಟ್ಸ್ಆಪ್ ಗುಂಪಿಗೆ ಹಾಕಬಾರದು, ಅಷ್ಟೆ.

ಉದ್ದದ ಬಗ್ಗೆ ಇಷ್ಟು ಹೇಳುವಾಗ ಎಟಿಎಂಗೆ ನಾಲ್ಕೇ ಅಂಕಿ ಹೇಗೆ ಸಾಕಾಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ನಾಲ್ಕು ಅಂಕಿಗಳಿಗೆ ಸಾಧ್ಯತೆ ಬರೀ 10,000. ಶಿಲ್ಲಾಂಗ್‌ನಲ್ಲಿ ಹುಟ್ಟಿದ ಜಾನ್ ಶೆಫರ್ಡ್ ಬ್ಯಾರನ್ ರೂಪಿಸಿದ ಎಟಿಎಂ ಯಂತ್ರ 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನ ಬಾರ್ಕ್ಲೇಸ್ ಶಾಖೆಯಲ್ಲಿ ಆರಂಭವಾಯಿತು. ಅವರಿಗೆ ಬೇಕಿದ್ದದ್ದು ಆರು ಅಂಕಿ, ಆದರೆ ಹೆಂಡತಿ ತಮಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರದು ಎಂದದ್ದರಿಂದ ನಾಲ್ಕಕ್ಕೆ ಇಳಿಸಿದೆ ಎಂದು ಅವರೇ ಹೇಳಿಕೊಂಡಿದ್ದರು. ಪಿನ್ ಕೆಲಸ ಮಾಡುವುದು ಅಂಕಿಗಳ ಬಲದಿಂದಲ್ಲ. ಕಾರ್ಡ್ ಅಥವಾ ಫೋನ್ ಕೈಯಲ್ಲಿರಬೇಕು, ಕೆಲವೇ ಸಲ ತಪ್ಪಿದರೆ ವ್ಯವಸ್ಥೆ ಮುಚ್ಚಿಕೊಳ್ಳುತ್ತದೆ. ಯುಪಿಐ ಪಿನ್ ಕೂಡ ಹೀಗೆಯೇ. ಅದನ್ನು ಒತ್ತಬೇಕಾದದ್ದು ಹಣ ಕಳುಹಿಸುವಾಗ ಅಥವಾ ಬ್ಯಾಲೆನ್ಸ್ ನೋಡುವಾಗ. ಹಣ ಬರುವುದಕ್ಕೆ ಪಿನ್ ಬೇಡ. ‘ಹಣ ಹಾಕುತ್ತೇವೆ, ಪಿನ್ ಒತ್ತಿ’ ಎಂದವರು ಹಣ ಎಳೆದುಕೊಳ್ಳುವವರೇ.

ಪಾಸ್‌ವರ್ಡ್ ಜೊತೆಗೆ ಎರಡನೇ ಪುರಾವೆ ಕೇಳುವುದರಲ್ಲಿ ಭಾರತ ಮುಂದಿತ್ತು. ಆನ್‌ಲೈನ್ ಕಾರ್ಡ್ ವ್ಯವಹಾರಗಳಿಗೆ ಅದನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಮುಂದೆ ಅದು ಎಸ್ಸೆಮ್ಮೆಸ್ ಒಟಿಪಿಯಾಗಿ ಮನೆಮಾತಾಯಿತು. ಒಟಿಪಿ ಇಲ್ಲದ್ದಕ್ಕಿಂತ ಇರುವುದು ಖಂಡಿತ ಒಳ್ಳೆಯದು, ಆದರೆ ಅದಕ್ಕೆ ಎರಡು ದೌರ್ಬಲ್ಯಗಳಿವೆ. ಬೇರೊಬ್ಬರ ಹೆಸರಲ್ಲಿ ನಕಲಿ ಸಿಮ್ ಪಡೆದರೆ ಒಟಿಪಿಯೂ ಅವರ ಪಾಲು. ಫೋನಿಗೆ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಗಿ ಬಹಳ ಹೊತ್ತು ಬಾರದಿದ್ದರೆ ಅದನ್ನು ಹಗುರವಾಗಿ ಕಾಣಬಾರದು. ಎರಡನೆಯದು ಇನ್ನೂ ಸರಳ, ಕೇಳಿ ಪಡೆಯುವುದು. ಕರೆ ಮಾಡಿ ಹೆದರಿಸಿ ಕೇಳಬಹುದು, ನಕಲಿ ತಾಣದಲ್ಲಿ ತುಂಬಿಸಿಕೊಂಡು ಆ ಕ್ಷಣವೇ ಅಸಲಿ ತಾಣದಲ್ಲಿ ಬಳಸಬಹುದು. ಫೋನಿನ ಅಥೆಂಟಿಕೇಟರ್ ಆ್ಯಪ್, ತಾಣದೊಂದಿಗೆ ಮೊದಲೇ ಹಂಚಿಕೊಂಡ ಗುಟ್ಟು ಮತ್ತು ಗಡಿಯಾರದ ಸಮಯ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಸಂಖ್ಯೆ ಹುಟ್ಟಿಸುತ್ತದೆ. ನೆಟ್‌ವರ್ಕ್ ಬೇಡ, ಸಿಮ್ ಕಳ್ಳತನದ ಭಯವಿಲ್ಲ. ನಕಲಿ ತಾಣದ ಭಯ ಮಾತ್ರ ಅದಕ್ಕೂ ಇದೆ. ಹಣ ಹೋಗಿಯೇಬಿಟ್ಟರೆ ಬ್ಯಾಂಕಿಗೆ ತಿಳಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ.

ನಕಲಿ ತಾಣದ ಭಯವನ್ನೂ ತೆಗೆದುಹಾಕಲು ಬಂದದ್ದು ಪಾಸ್‌ಕೀ. ಫಿಡೊ ಒಕ್ಕೂಟದ ಮಾನಕವನ್ನು ಆಧರಿಸಿದ ಇದಕ್ಕೆ 2022ರ ಮೇ ತಿಂಗಳಲ್ಲಿ ಆಪಲ್, ಗೂಗಲ್, ಮೈಕ್ರೊಸಾಫ್ಟ್ ಒಟ್ಟಾಗಿ ಬೆಂಬಲ ಘೋಷಿಸಿದವು. ಖಾತೆ ತೆರೆಯುವಾಗ ಫೋನ್ ಒಂದು ಜೋಡಿ ಕೀಲಿಗಳನ್ನು ಸೃಷ್ಟಿಸುತ್ತದೆ. ಒಂದು ತಾಣಕ್ಕೆ ಹೋಗುತ್ತದೆ, ಇನ್ನೊಂದು ಬಳಕೆದಾರರ ಬಳಿಯೇ ಉಳಿಯುತ್ತದೆ. ಲಾಗಿನ್ ವೇಳೆ ತಾಣ ಕಳುಹಿಸಿದ ಸವಾಲಿಗೆ ಫೋನ್ ಗುಟ್ಟಿನ ಕೀಲಿಯಿಂದ ಸಹಿ ಹಾಕಿ ಮರಳಿಸುತ್ತದೆ. ಬೆರಳಚ್ಚು ಫೋನಿನಲ್ಲೇ ಪರೀಕ್ಷೆಯಾಗುತ್ತದೆ, ತಾಣಕ್ಕೆ ಹೋಗುವುದಿಲ್ಲ. ತಾಣದ ಪಟ್ಟಿ ಸೋರಿದರೂ ಕಳ್ಳನಿಗೆ ಸಿಗುವುದು ನಿರುಪಯೋಗಿ ಅರ್ಧ. ನಕಲಿ ವಿಳಾಸಕ್ಕೆ ಕೀಲಿ ಕೆಲಸವನ್ನೇ ಮಾಡುವುದಿಲ್ಲ, ಫೋನಿನಲ್ಲಿ ಓದಿ ಹೇಳಲು ಸಂಖ್ಯೆಯೂ ಇಲ್ಲ. ಕೊರತೆಗಳು ಇಲ್ಲದಿಲ್ಲ. ಪಾಸ್‌ಕೀ ಕೊಟ್ಟ ತಾಣಗಳಲ್ಲೂ ಹಳೆಯ ಪಾಸ್‌ವರ್ಡ್ ಬಾಗಿಲು ಹಲವೆಡೆ ತೆರೆದೇ ಇರುತ್ತದೆ. ಫೋನ್ ಕಳೆದರೆ ಕೀಲಿಗಳು ಗೂಗಲ್ ಅಥವಾ ಆಪಲ್ ಖಾತೆಯ ಮೂಲಕ ಮರಳಿ ಬರಬೇಕು, ಆದ್ದರಿಂದ ಆ ಒಂದು ಖಾತೆಯ ಮರುಪಡೆಯುವ ಸಂಕೇತಗಳನ್ನು ಕಾಗದದಲ್ಲಿ ಬರೆದು ಜೋಪಾನ ಮಾಡಬೇಕು. ಫೋನಿನ ಪರದೆಯ ಬೀಗ ನಾಲ್ಕು ಸೊನ್ನೆಯಾಗಿದ್ದು, ಅದು ಮನೆಮಂದಿಗೂ ಸ್ನೇಹಿತರಿಗೂ ಗೊತ್ತಿದ್ದರೆ, ಪಾಸ್‌ಕೀ ಇರುವ ಎಲ್ಲ ಖಾತೆಗಳೂ ಅವರಿಗೆ ತೆರೆದಂತೆಯೇ.