ಗಾಯ ಒಣಗಬೇಕೇ, ಮಾಯಬೇಕೇ?

ಪ್ರಶ್ನೆ: ತರಚಿದ ಗಾಯವನ್ನು ಗಾಳಿಗೆ ಬಿಟ್ಟರೆ ಬೇಗ ಮಾಯುತ್ತದೆಯೇ?

ಉತ್ತರ: ‘ಗಾಯ ಒಣಗಿತಾ?’ ಎಂದು ವಿಚಾರಿಸುವುದು ನಮ್ಮಲ್ಲಿ ರೂಢಿ. ಚರ್ಮಕ್ಕೆ ಮಾತ್ರ ಈ ಒಣಗುವಿಕೆ ಅಷ್ಟೇನೂ ಹಿಡಿಸದು.

1962ರಲ್ಲಿ ಬ್ರಿಟನ್ನಿನ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೈಮೇಲೆ ಆಳವಿಲ್ಲದ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವಕ್ಕೆ ಪಾಲಿಥೀನ್ ಹಾಳೆ ಹೊದಿಸಿದರು. ಹೊದಿಸಿದ ಕಡೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬಿತು! ಗಾಯದ ಅಂಚಿನಿಂದ, ಕೂದಲ ಬುಡದಿಂದ ಹೊರಡುವ ಜೀವಕೋಶಗಳು ತೇವದಲ್ಲಿ ಸಲೀಸಾಗಿ ತೆವಳುತ್ತವೆ. ಒಣಗಿದರೆ ಗಟ್ಟಿ ಹಕ್ಕಳೆಯಡಿ ಸುರಂಗ ಕೊರೆದಂತೆ ಸಾಗಬೇಕು.

ಮಂಡಿ ತರಚಿಕೊಂಡ ಮಗುವಿಗೆ ಗಾಯ ತೊಳೆದು, ತೆಳುವಾಗಿ ವ್ಯಾಸಲೀನ್ ಸವರಿ, ಪಟ್ಟಿ ಹಾಕಿದರೆ ಸಾಕು. ಗಾಯಕ್ಕೆ ಮೆತ್ತಲು ಕಾಫಿಪುಡಿ ಬೇಡ, ಅದು ಡಬ್ಬಿಯಲ್ಲೇ ಇರಲಿ. ಮಾಯುವಾಗ ನವೆ ಸಹಜ. ಸುತ್ತ ಕೆಂಪೇರಿ ಕೀವು ಕಂಡರೆ ವೈದ್ಯರಿಗೆ ತೋರಿಸಬೇಕು.

ಹಕ್ಕಳೆ ಕಿತ್ತರೆ, ಅದೆಷ್ಟೇ ಸುಖವೆನಿಸಲಿ, ಅಡಿಯ ಎಳೆ ಚರ್ಮವೂ ಕಿತ್ತುಬರುತ್ತದೆ.