ಪೇಟಿಯ ಹೊಳಪು ನೋಡಬೇಡಿ, ಉಸಿರು ನೋಡಿ

ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ಮೇಲೆ ಕೃಷ್ಣಾ ತೀರದ ಹಳ್ಳಿಗಳಲ್ಲಿ ಖರೀದಿಯ ಯಾದಿ ಉದ್ದವಾಗುತ್ತದೆ. ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕವೂ ಅಂಥದೇ ಕಬ್ಬಿನ ಸೀಮೆಯ ಊರು. ನೆರೆಯ ಉಗಾರ ಖುರ್ದದಲ್ಲಿ 1939ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆ ಇಡೀ ಸೀಮೆಯ ಬದುಕನ್ನೇ ಬದಲಿಸಿತು. ಇಂಥ ಊರುಗಳಲ್ಲಿ ಮೋಟಾರು, ಪೈಪು, ಮದುವೆಯ ಖರ್ಚುಗಳ ಕೆಳಗೆ ಒಮ್ಮೊಮ್ಮೆ ‘ಭಜನಾ ಮಂಡಳಿಗೆ ಒಂದು ಪೇಟಿ’ ಅಥವಾ ‘ಮಗಳಿಗೆ ಒಂದು ಪೇಟಿ’ ಎಂಬ ಸಾಲೂ ಸೇರಿಕೊಳ್ಳುತ್ತದೆ.

ಪೇಟಿ ಎಂದರೆ ಹಾರ್ಮೋನಿಯಂ. ಗಡಿಭಾಗದಲ್ಲಿ ಮರಾಠಿಯಿಂದ ಬಂದು ಕನ್ನಡದ್ದೇ ಆಗಿಬಿಟ್ಟ ಮಾತು ಇದು. ಮಂಡಳಿಯ ಪೇಟಿಗೆ ಮನೆಮನೆಯಿಂದ ವರ್ಗಣಿ ಕೂಡಿಸಿರುತ್ತಾರೆ. ಅಂಗಡಿಗೆ ಹೋದವರು ಪಾಲಿಶ್ ನೋಡುತ್ತಾರೆ, ಹಿತ್ತಾಳೆಯ ಹಿಡಿಕೆ ನೋಡುತ್ತಾರೆ, ಜಾಲರಿಯ ಮೇಲಿನ ಕೆತ್ತನೆ ನೋಡುತ್ತಾರೆ. ಹಣ ಕೊಟ್ಟು ತರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಸ್ವರ ಮೂಕವಾಗುತ್ತದೆ, ಇನ್ನೊಂದು ಸ್ವರ ಒತ್ತದಿದ್ದರೂ ಕೂಗುತ್ತದೆ. ಆಮೇಲೆ ಪೇಟಿ ಗುಡಿಯ ಮೂಲೆ ಸೇರುತ್ತದೆ. ಹಾಗಾಗದಂತೆ ಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಪೆಟ್ಟಿಗೆಯ ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ಪಿಯಾನೋದ ಪಟ್ಟಿ, ಬೇರೆಯ ಜೀವ

ಪೇಟಿಯ ಮೇಲಿನ ಕರಿ ಮತ್ತು ಬಿಳಿ ಪಟ್ಟಿಗಳ ಜೋಡಣೆ ಪಿಯಾನೋದ್ದೇ. ಏಳು ಬಿಳಿ, ಐದು ಕರಿ, ಒಟ್ಟು ಹನ್ನೆರಡು ಸೇರಿದರೆ ಒಂದು ಸಪ್ತಕ. ಆದರೆ ಹೋಲಿಕೆ ಅಲ್ಲಿಗೆ ಮುಗಿಯಿತು. ಪಿಯಾನೋದಲ್ಲಿ ಪಟ್ಟಿ ಒತ್ತಿದರೆ ಒಳಗಿನ ಸಣ್ಣ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. 88 ಪಟ್ಟಿಗಳಿಗೆ ಸುಮಾರು 230 ತಂತಿಗಳು. ಅವುಗಳ ಎಳೆತವನ್ನು ತಡೆಯಲು ಬೀಡುಕಬ್ಬಿಣದ ಚೌಕಟ್ಟು ಬೇಕು. ಗೋಡೆಗೆ ಒರಗಿಸಿ ಇಡುವ ಸಾಧಾರಣ ಪಿಯಾನೋವೇ 200 ಕಿಲೋ ಮೀರುವುದುಂಟು. ಅದನ್ನು ಭಜನೆಗೆ ಹೊತ್ತು ಒಯ್ಯುವ ಮಾತೇ ಇಲ್ಲ.

ಹಾರ್ಮೋನಿಯಂ ಬಡಿಯುವ ವಾದ್ಯವಲ್ಲ, ಉಸಿರಾಡುವ ವಾದ್ಯ. 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಯ್ನ್ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಅದು ಕಾಲಿನಿಂದ ಗಾಳಿ ಹಾಕುವ, ಕುರ್ಚಿಯಲ್ಲಿ ಕುಳಿತು ನುಡಿಸುವ ವಾದ್ಯ. ಮಿಶನರಿಗಳ ಜೊತೆ ಭಾರತಕ್ಕೆ ಬಂತು. 1880ರ ದಶಕದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರ ದ್ವಾರ್ಕಿನ್ ಸಂಸ್ಥೆ ಅದನ್ನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿತು. ಮರಾಠಿ ಮತ್ತು ಕನ್ನಡ ನಾಟಕ ಕಂಪನಿಗಳು ಕಾಲಿನ ಹಾರ್ಮೋನಿಯಮ್ಮನ್ನು ಬಹುಕಾಲ ಬಳಸಿದವು. ಕೀರ್ತನ, ಭಜನೆ, ಶ್ರೀಕೃಷ್ಣ ಪಾರಿಜಾತದ ಮೇಳಗಳಿಗೆ ಕೈಪೇಟಿಯೇ ಒಗ್ಗಿತು.

ಪೇಟಿಯ ಜೀವವಿರುವುದು ರೀಡಿನಲ್ಲಿ. ರೀಡು ಎಂದರೆ ಹಿತ್ತಾಳೆಯ ಚಿಕ್ಕ ತಗಡು. ಅದರ ನಡುವೆ ಉದ್ದನೆಯ ಸೀಳು, ಆ ಸೀಳಿನ ಮೇಲೆ ಒಂದು ತುದಿ ಮಾತ್ರ ಬಂಧಿಸಿದ ತೆಳುವಾದ ಹಿತ್ತಾಳೆಯ ನಾಲಿಗೆ. ಪಟ್ಟಿ ಒತ್ತಿದಾಗ ಗಾಳಿ ಆ ಸೀಳಿನಿಂದ ನುಗ್ಗಿ ನಾಲಿಗೆಯನ್ನು ನಡುಗಿಸುತ್ತದೆ. ನಾಲಿಗೆ ಉದ್ದವಾಗಿದ್ದರೆ ಮಂದ್ರ, ಗಿಡ್ಡವಾಗಿದ್ದರೆ ತಾರ. ಉಳಿದದ್ದೆಲ್ಲ, ಅಂದರೆ ತಿದಿ, ಹಲಗೆ, ಪಟ್ಟಿ, ಪಾಲಿಶ್, ಈ ನಾಲಿಗೆಗೆ ಗಾಳಿ ಮುಟ್ಟಿಸುವ ವ್ಯವಸ್ಥೆ ಅಷ್ಟೆ. ಹಿಂದೆ ಜರ್ಮನಿ ಮತ್ತು ಪ್ಯಾರಿಸಿನ ರೀಡುಗಳು ಬರುತ್ತಿದ್ದವು. ಹಳೆಯ ಪೇಟಿಗಳಲ್ಲಿ ಅವು ಇಂದಿಗೂ ಸಿಗುತ್ತವೆ, ಬಲ್ಲವರು ಅವನ್ನು ಹುಡುಕುತ್ತಾರೆ. ನಮ್ಮ ದೇಶದಲ್ಲಿ ರೀಡು ತಯಾರಿಕೆಗೆ ಹೆಸರಾದ ಊರು ಗುಜರಾತಿನ ಪಾಲಿತಾಣಾ. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಕಟ್ಟಿಗೆ ಯಾವುದು ಎಂಬುದಲ್ಲ, ರೀಡು ಎಲ್ಲಿಯದು ಎಂಬುದು.

ಯಾರ ದನಿಗೆ ಪೇಟಿ?

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ತೀರ್ಮಾನಿಸಬೇಕಾದ ಸಂಗತಿ ಇದು. ಹಾಡುವವರ ಷಡ್ಜ ಯಾವ ಪಟ್ಟಿಯಲ್ಲಿದೆ? ನಮ್ಮ ಭಾಗದ ಗಾಯಕರು ಕರಿ ಒಂದು, ಬಿಳಿ ಐದು ಎಂದು ಎಣಿಸುತ್ತಾರೆ. ಸಾಮಾನ್ಯವಾಗಿ ಗಂಡಸರ ದನಿ ಬಿಳಿ ಒಂದರಿಂದ ಕರಿ ಎರಡರ ಆಸುಪಾಸಿನಲ್ಲಿ, ಹೆಂಗಸರ ದನಿ ಬಿಳಿ ಐದರಿಂದ ಕರಿ ಐದರ ನಡುವೆ ನಿಲ್ಲುತ್ತದೆ. ಆ ಷಡ್ಜದಿಂದ ಕೆಳಗೂ ಮೇಲೂ ಸಾಕಷ್ಟು ಪಟ್ಟಿಗಳು ಸಿಗಬೇಕು.

ಪೇಟಿಗಳು ಬಹುತೇಕ ಮೂರು ಅಳತೆಯಲ್ಲಿ ಬರುತ್ತವೆ: 37 ಪಟ್ಟಿಯ ಮೂರು ಸಪ್ತಕ, 39 ಪಟ್ಟಿಯ ಮೂರೂಕಾಲು ಸಪ್ತಕ, 42 ಪಟ್ಟಿಯ ಮೂರೂವರೆ ಸಪ್ತಕ. ಕಲಿಯುವ ಹುಡುಗಿಗೆ 37 ಅಥವಾ 39 ಸಾಕು. ಭಜನೆಗೆ ಗಂಡಸರೂ ಹೆಂಗಸರೂ ಹಾಡುವುದಾದರೆ 42 ಒಳ್ಳೆಯದು. ಒಂದು ಪಟ್ಟಿಗೆ ಎರಡು ರೀಡಿನ ಪೇಟಿ, ಮೂರು ರೀಡಿನ ಪೇಟಿ ಎಂದೂ ಇದೆ. ರೀಡು ಹೆಚ್ಚಿದಷ್ಟೂ ದನಿ ತುಂಬಿಕೊಳ್ಳುತ್ತದೆ, ಆದರೆ ಗಾಳಿಯೂ ಹೆಚ್ಚು ಬೇಕು, ಕೈ ಬೇಗ ಸೋಲುತ್ತದೆ. ಮಗುವಿನ ಕೈಗೆ ಎರಡು ರೀಡಿನದೇ ಹಿತ.

ಸ್ಕೇಲ್ ಚೇಂಜರ್ ಎಂಬ ವ್ಯವಸ್ಥೆ ಇರುವ ಪೇಟಿಯಲ್ಲಿ ಪಟ್ಟಿಗಳ ಸಾಲನ್ನೇ ಅತ್ತಿತ್ತ ಸರಿಸಬಹುದು. ಬೆರಳು ಅದೇ ಜಾಗದಲ್ಲಿ ಉಳಿದು ಷಡ್ಜ ಬದಲಾಗುತ್ತದೆ. ನಾಲ್ಕಾರು ಗಾಯಕರಿಗೆ ಸಾಥ್ ಕೊಡುವವರಿಗೆ ಅದು ವರ. ಆದರೆ ಅದು ಭಾರ ಹೆಚ್ಚು, ಒಳಗಿನ ಭಾಗಗಳೂ ಹೆಚ್ಚು, ಕೆಡುವ ಜಾಗಗಳೂ ಹೆಚ್ಚು. ಈಗಷ್ಟೇ ಸರಿಗಮ ಹಿಡಿಯುವವರಿಗೆ ಅದರ ಅಗತ್ಯವಿಲ್ಲ.

ಅಂಗಡಿಯಲ್ಲಿ ಕಾಲು ತಾಸು

ಮೊದಲ ಪರೀಕ್ಷೆ ಗಾಳಿಯದು. ಎದುರಿನ ಸ್ಟಾಪರುಗಳನ್ನೆಲ್ಲ ಒಳಗೆ ತಳ್ಳಿ ತಿದಿಯಿಂದ ಪೂರ್ತಿ ಗಾಳಿ ತುಂಬಿ ಕೈಬಿಡಿ. ಒಳಗಿನ ತಿದಿ ಗಾಳಿಯನ್ನು ಹಿಡಿದಿಟ್ಟುಕೊಳ್ಳಬೇಕು. ಒಮ್ಮೆಲೇ ಖಾಲಿಯಾದರೆ ಎಲ್ಲೋ ಸೋರುತ್ತಿದೆ. ನಂತರ ಸ್ಟಾಪರು ಎಳೆದು, ಯಾವ ಪಟ್ಟಿಯನ್ನೂ ಒತ್ತದೆ ಗಾಳಿ ಹಾಕಿ. ಯಾವುದೇ ಸ್ವರ ಕೇಳಿಸಿದರೆ ಅಥವಾ ‘ಹಿಸ್’ ಎಂಬ ಸದ್ದು ಬಂದರೆ ಪಟ್ಟಿಯ ಕೆಳಗಿನ ತೊಗಲು ಸರಿಯಾಗಿ ಕೂತಿಲ್ಲ.

ಎರಡನೆಯದು ಸ್ವರದ್ದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೂ ಬಿಡದೆ ಪ್ರತಿ ಪಟ್ಟಿಯನ್ನೂ ಒತ್ತಿ. ಮೊದಲು ಒಂದೊಂದೇ ರೀಡಿನ ಸಾಲಿನಲ್ಲಿ, ಆಮೇಲೆ ಎಲ್ಲ ಸಾಲು ಕೂಡಿಸಿ. ಅತಿ ಕಡಿಮೆ ಗಾಳಿಯಲ್ಲಿಯೂ ಸ್ವರ ಹೊರಡಬೇಕು. ಜೋರಾಗಿ ತಿದಿ ಒತ್ತಿ ನುಡಿಸಿ ತೋರಿಸಿದರೆ ಕೆಟ್ಟ ಪೇಟಿಯೂ ಚೆನ್ನಾಗಿಯೇ ಕೇಳುತ್ತದೆ. ಒಳ್ಳೆಯದು ಗೊತ್ತಾಗುವುದು ಮೆಲ್ಲಗೆ ನುಡಿಸಿದಾಗ.

ಮೂರನೆಯದು ಶ್ರುತಿಯದು. ಮಧ್ಯ ಷಡ್ಜವನ್ನೂ ತಾರ ಷಡ್ಜವನ್ನೂ ಒಟ್ಟಿಗೆ ಹಿಡಿಯಿರಿ. ದನಿ ನೀರಿನಂತೆ ಸಮನಾಗಿ ನಿಂತರೆ ಸರಿ. ‘ವಂವ್ ವಂವ್’ ಎಂದು ಅಲೆ ಎದ್ದರೆ ಎರಡೂ ಒಂದಕ್ಕೊಂದು ಹೊಂದಿಲ್ಲ. ಸಂಗೀತ ಬಾರದ ಕಿವಿಗೂ ಈ ಅಲೆ ಗೊತ್ತಾಗುತ್ತದೆ. ಈಗ ಮೊಬೈಲಿನಲ್ಲೇ ಶ್ರುತಿ ಅಳೆಯುವ ಸೌಕರ್ಯವಿದೆ, ಅದನ್ನೂ ಬಳಸಬಹುದು.

ನಾಲ್ಕನೆಯದು ಬೆರಳಿನದು. ಪಟ್ಟಿಗಳು ಒಂದೇ ಮಟ್ಟದಲ್ಲಿರಬೇಕು, ಪಕ್ಕಕ್ಕೆ ಅಲುಗಾಡಬಾರದು, ಬಿಟ್ಟೊಡನೆ ಮೇಲೇಳಬೇಕು, ಕಟಕಟ ಸದ್ದು ಮಾಡಬಾರದು. ಕಟ್ಟಿಗೆಯ ಮಾತು ಬರುವುದು ಇಷ್ಟರ ನಂತರ. ಚೆನ್ನಾಗಿ ಒಣಗಿದ ಸಾಗವಾನಿ ಭಾರವಾದರೂ ಬಾಳಿಕೆ ಬರುತ್ತದೆ. ಹಸಿ ಕಟ್ಟಿಗೆಯಾದರೆ ಬೇಸಿಗೆಯಲ್ಲಿ ಬಿರಿದು ಗಾಳಿಗೆ ದಾರಿ ಕೊಡುತ್ತದೆ.

ಹಳೆಯದು ಕೊಳ್ಳುವವರಿಗೆ

ಹಳೆಯ ಪೇಟಿ ಎಂದೊಡನೆ ಮೂಗು ಮುರಿಯಬೇಕಿಲ್ಲ. ಒಳ್ಳೆಯ ರೀಡಿನ ಹಳೆಯ ಪೇಟಿ ಅಗ್ಗದ ಹೊಸ ಪೇಟಿಗಿಂತ ಎಷ್ಟೋ ವಾಸಿ. ತಿದಿಯ ಬಟ್ಟೆ, ತೊಗಲು, ಸ್ಪ್ರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಬಹುದು. ರೀಡಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಶ್ರುತಿ ಏರಿಸಲು ನಾಲಿಗೆಯ ತುದಿಯನ್ನು ಅರದಿಂದ ಉಜ್ಜುತ್ತಾರೆ, ಇಳಿಸಲು ಬುಡವನ್ನು ಉಜ್ಜುತ್ತಾರೆ. ಹೀಗೆ ಉಜ್ಜಿದ ಹಿತ್ತಾಳೆ ಮತ್ತೆ ಬರುವುದಿಲ್ಲ. ಹತ್ತಾರು ಸಲ ಉಜ್ಜಿಸಿಕೊಂಡ ನಾಲಿಗೆ ಸೊರಗಿ ಒಂದು ದಿನ ಮುರಿಯುತ್ತದೆ. ಆದ್ದರಿಂದ ಮುಚ್ಚಳ ತೆಗೆಸಿ ನೋಡಿ. ಎಲ್ಲ ರೀಡುಗಳ ಮೇಲೂ ಗೀರು ತುಂಬಿದ್ದರೆ, ನಡುನಡುವೆ ಬೇರೆ ಬಣ್ಣದ ರೀಡುಗಳು ಕೂತಿದ್ದರೆ, ಬೆಲೆ ಇಳಿಸಿ ಕೇಳಿ. ಇಲ್ಲವೇ ಬಿಟ್ಟುಬನ್ನಿ. ಇಲಿ ಕಡಿದ ತೊಗಲು, ಹುಳು ಕೊರೆದ ಸಣ್ಣ ತೂತುಗಳೂ ಆಗಲೇ ಕಾಣುತ್ತವೆ.

ಕೃಷ್ಣಾ ತೀರದವರು ಇನ್ನೂ ಒಂದು ಸಂಗತಿಯನ್ನು ನೋಡಲೇಬೇಕು. 2005ರಲ್ಲಿ, 2019ರಲ್ಲಿ ಹೊಳೆ ಊರೊಳಗೆ ನುಗ್ಗಿದ್ದನ್ನು ಈ ಸೀಮೆ ಮರೆತಿಲ್ಲ. ನೀರಿನಲ್ಲಿ ನಿಂತ ಪೇಟಿಯನ್ನು ಒಣಗಿಸಿ ಪಾಲಿಶ್ ಮಾಡಿದರೆ ಹೊರಗಿನಿಂದ ಏನೂ ತಿಳಿಯದು. ಒಳಗೆ ನೋಡಿದರೆ ಹಲಗೆಯ ಮೇಲೆ ನೀರು ನಿಂತ ಗೆರೆ, ಸ್ಪ್ರಿಂಗ್ ಮತ್ತು ಸ್ಕ್ರೂಗಳ ಮೇಲೆ ತುಕ್ಕು, ಅಂಟು ಬಿಟ್ಟ ಸಂದು, ಮುಗ್ಗಿದ ವಾಸನೆ ಗುಟ್ಟು ಹೇಳುತ್ತವೆ. ಹಿತ್ತಾಳೆಯ ರೀಡು ನೀರಿಗೆ ಅಷ್ಟಾಗಿ ಹೆದರುವುದಿಲ್ಲ, ಪೆಟ್ಟಿಗೆ ಹೆದರುತ್ತದೆ. ಮನೆಯಲ್ಲಿ ಹಿರಿಯರ ಕಾಲದ ಪೇಟಿ ಹೀಗೆ ಹಾಳಾಗಿ ಬಿದ್ದಿದ್ದರೆ ಅದನ್ನು ಸೌದೆಗೆ ಹಾಕುವ ಮೊದಲು ರೀಡುಗಳನ್ನು ತಿಳಿದವರಿಗೆ ತೋರಿಸಿ. ಅವು ಹೊಸ ಪೆಟ್ಟಿಗೆಯಲ್ಲಿ ಮತ್ತೆ ಹಾಡಬಹುದು.

ಗಾಂಧಾರದ ಜಗಳ

ಇದೇ ಪೇಟಿಯನ್ನು ಆಕಾಶವಾಣಿ 1940ರ ಮಾರ್ಚ್ 1ರಿಂದ ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾಗಲು 1970ರ ದಶಕ ಬರಬೇಕಾಯಿತು. ಆಕ್ಷೇಪ ಎರಡು. ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ಅಂದರೆ ಸ್ವರದಿಂದ ಸ್ವರಕ್ಕೆ ಜಾರಲಾಗುವುದಿಲ್ಲ ಎಂಬುದು ಒಂದು. ಅದರ ಶ್ರುತಿ ಪಾಶ್ಚಾತ್ಯರದು ಎಂಬುದು ಇನ್ನೊಂದು. ಪಿಯಾನೋದಂತೆ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದಾಗ ಒಂದೊಂದು ಭಾಗಕ್ಕೆ 100 ಸೆಂಟ್ ಬರುತ್ತದೆ. ಶುದ್ಧ ಗಾಂಧಾರ 400ರಲ್ಲಿ ಕೂಡುತ್ತದೆ. ತಂಬೂರಿಯ ಷಡ್ಜದಿಂದ ತಾನಾಗಿ ಮೂಡುವ ಗಾಂಧಾರವಾದರೋ 386ರಲ್ಲಿರುತ್ತದೆ. ಈ 14 ಸೆಂಟಿನ ಅಂತರವೇ ಬಲ್ಲವರ ಕಿವಿಗೆ ಮುಳ್ಳು.

ಇದಕ್ಕೆ ಉತ್ತರ ಹುಡುಕಿದ ಪ್ರಯತ್ನವೊಂದು ನಮ್ಮ ಪಕ್ಕದಲ್ಲೇ ನಡೆದಿದೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ ಅವರು 22 ಶ್ರುತಿಗಳ ಲೆಕ್ಕವನ್ನು 1910ರಲ್ಲಿ ಪುಸ್ತಕವಾಗಿ ತಂದರು. ಇ. ಕ್ಲೆಮೆಂಟ್ಸ್ ಎಂಬ ಐಸಿಎಸ್ ಅಧಿಕಾರಿ ಅವರ ಜೊತೆಗೂಡಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಮುಂದೆ ಮಿರಜಿನಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಈ ಪ್ರಯೋಗಕ್ಕೆ ತಮ್ಮ ಗಾಯನದಿಂದ ನೆರವಾದರು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಆ ವಾದ್ಯ ಚರ್ಚೆಗೆ ಬಂತು. ಜನಬಳಕೆಗೆ ಮಾತ್ರ ಬರಲಿಲ್ಲ.

ಕೊಳ್ಳುವವರಿಗೆ ಈ ಜಗಳದಿಂದ ಒಂದು ಪಾಠವಿದೆ. ಪೇಟಿಯನ್ನು ಎರಡು ರೀತಿ ಶ್ರುತಿ ಮಾಡಿಸಬಹುದು. ಒಬ್ಬರೇ ಗಾಯಕರು, ಒಂದೇ ಷಡ್ಜ ಎಂದಾದರೆ ಆ ಷಡ್ಜಕ್ಕೆ ಸರಿಯಾಗಿ ಗಾಂಧಾರಾದಿ ಸ್ವರಗಳನ್ನು ಇಳಿಸಿ ಏರಿಸಿ ಹೊಂದಿಸುತ್ತಾರೆ. ಇದನ್ನು ಗಾಂಧಾರ ಟ್ಯೂನಿಂಗ್ ಎನ್ನುತ್ತಾರೆ. ಕೇಳಲು ಇಂಪು, ಆದರೆ ಷಡ್ಜ ಬದಲಿಸಿದರೆ ಅದೇ ಪೇಟಿ ಅಪಸ್ವರ ನುಡಿಯುತ್ತದೆ. ಹಲವು ದನಿಗಳ ಭಜನಾ ಮಂಡಳಿಗೆ ಸಮಭಾಗದ ಶ್ರುತಿಯೇ ಸರಿ. ಹಳೆಯ ಪೇಟಿ ಕೊಳ್ಳುವಾಗ ಅದು ಯಾವ ರೀತಿಯದು ಎಂದು ಕೇಳದೆ ತಂದವರು ಮತ್ತೆ ಎಲ್ಲ ರೀಡನ್ನೂ ಉಜ್ಜಿಸಬೇಕಾಗುತ್ತದೆ.

ದುರಸ್ತಿಯವರನ್ನೂ ಹುಡುಕಿ

ವಾದ್ಯದ ಮಾತು ಬಂದರೆ ಈ ಸೀಮೆಯವರಿಗೆ ಮೊದಲು ನೆನಪಾಗುವ ಊರು ಮಿರಜ. ಉಗಾರದಿಂದ ಲೋಂಡಾ–ಮಿರಜ ರೈಲು ಮಾರ್ಗದಲ್ಲಿ ಶೇಡಬಾಳ ದಾಟಿದರೆ ಬಂದೇ ಬಂತು. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ತಂತಿವಾದ್ಯದ ಕೈ ಬೇರೆ, ರೀಡಿನ ಕೈ ಬೇರೆ. ಮಾರುವವರು ಯಾರು ಎಂಬುದಕ್ಕಿಂತ ನಾಳೆ ಕೆಟ್ಟರೆ ಬಿಚ್ಚಿ ಸರಿಮಾಡುವವರು ಯಾರು, ಎಷ್ಟು ದೂರದಲ್ಲಿದ್ದಾರೆ ಎಂದು ವಿಚಾರಿಸುವುದು ಜಾಣತನ. ದೂರದ ಮಹಾನಗರದಿಂದ ಪಾರ್ಸಲ್ ತರಿಸಿದ ಪೇಟಿಗೆ ಈ ಭಾಗ್ಯವಿರುವುದಿಲ್ಲ. ಸಾಧ್ಯವಾದರೆ ನುಡಿಸಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ನುಡಿಸಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಬೆಳಗಾವಿಯ ವಿಠ್ಠಲರಾವ್ ಕೋರಗಾಂವಕರ, ರಾಮಭಾವು ವಿಜಾಪುರೆ ಅವರು ಪೇಟಿಗೆ ದೇಶದಲ್ಲೇ ಹೆಸರು ತಂದವರು. 1917ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ವಿಜಾಪುರೆಯವರು ಬೆಳಗಾವಿಯಲ್ಲಿ ಪಾಠ ಹೇಳಿ ಬೆಳೆಸಿದ ಶಿಷ್ಯರ ಬಳಗ ದೊಡ್ಡದು. ಜಾರಲಾರದ ವಾದ್ಯ ಎಂದು ಬೈಸಿಕೊಂಡ ಪೇಟಿಯಿಂದ ಗಾಯಕರ ನೆರಳಿನಂತೆ ನಡೆಯುವ ಸಾಥ್ ಹೊಮ್ಮಿಸಬಹುದು ಎಂದು ಇಂಥವರು ತೋರಿಸಿಕೊಟ್ಟರು.

ಪೇಟಿ ಮನೆಗೆ ಬಂದ ಮೇಲಿನ ಕೆಲಸ ಸುಲಭ. ಬಿಸಿಲಿಗೆ ಇಡಬೇಡಿ, ಹಸಿ ಗೋಡೆಗೆ ತಾಗಿಸಬೇಡಿ, ಮಳೆಗಾಲದಲ್ಲಿ ನೆಲದಿಂದ ಎತ್ತರದಲ್ಲಿಡಿ, ಒಳಗೆ ಇಲಿ ಸೇರದಂತೆ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ದಿನಕ್ಕೊಮ್ಮೆಯಾದರೂ ನುಡಿಸಿ. ಮುಚ್ಚಿಟ್ಟ ಪೇಟಿಯ ರೀಡಿನಲ್ಲಿ ಧೂಳು ಕೂಡುತ್ತದೆ, ತಿದಿಯ ಮಡಿಕೆ ಬಿರುಸಾಗುತ್ತದೆ. ಏಕಾದಶಿಗೊಮ್ಮೆ ಮಾತ್ರ ಹೊರಗೆ ಬರುವ ಪೇಟಿಯನ್ನು ನಡುವಿನ ದಿನಗಳಲ್ಲಿ ಊರಿನ ಮಕ್ಕಳ ಕೈಗೆ ಕೊಟ್ಟರೆ ಪೇಟಿಯೂ ಉಳಿಯುತ್ತದೆ, ಮುಂದಿನ ಏಕಾದಶಿಗೆ ನುಡಿಸುವವರೂ ಸಿಗುತ್ತಾರೆ.