ಎದೆಯ ಶಸ್ತ್ರಚಿಕಿತ್ಸೆ ಮತ್ತು ಮತ್ತಿನ ಔಷಧ: ತಪ್ಪು ಕಲ್ಪನೆ ಮತ್ತು ಸತ್ಯ

ಕ್ಷಯದಿಂದ ಹಾಳಾದ ಶ್ವಾಸಕೋಶದ ಭಾಗವನ್ನು ತೆಗೆಯಲು, ಎದೆಗೂಡಿನಲ್ಲಿ ಕಟ್ಟಿದ ಕೀವನ್ನು ಹೊರಹಾಕಲು ಅಥವಾ ಕ್ಯಾನ್ಸರ್ ಗೆಡ್ಡೆಯನ್ನು ನಿವಾರಿಸಲು ಶಸ್ತ್ರಚಿಕಿತ್ಸೆ ಬೇಕೆಂದಾಗ, ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯಂಥ ಕಡೆಯ ರೋಗಿಗಳು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇಲ್ಲವೇ ಕಿದ್ವಾಯಿ ಆಸ್ಪತ್ರೆಗೋ ಹೋಗಬೇಕಾಗುತ್ತದೆ. ಹೀಗೆ ಹೊರಡುವ ಕುಟುಂಬಗಳನ್ನು ಕಾಡುವ ದೊಡ್ಡ ಭಯ ‘ಮತ್ತಿನ ಇಂಜೆಕ್ಷನ್’ನದು. ಆ ಭಯದ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ತಪ್ಪು ಕಲ್ಪನೆ: ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶ ಕೆಡುವುದು ಮತ್ತಿನ ಔಷಧದಿಂದಲೇ.

ಸತ್ಯ: ಮುಖ್ಯ ಕಾರಣ ಬೇರೆಯೇ ಇದೆ. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಸಾಮಾನ್ಯವಾಗಿ ಎರಡು ದಾರಿಗಳಿರುವ ನಳಿಕೆಯನ್ನು ಶ್ವಾಸನಾಳಕ್ಕೆ ಇಳಿಸಿ, ಒಂದು ಶ್ವಾಸಕೋಶವನ್ನು ಕುಗ್ಗಲು ಬಿಟ್ಟು, ಮತ್ತೊಂದರಿಂದ ಮಾತ್ರ ಉಸಿರಾಡಿಸುತ್ತಾರೆ. ಕುಗ್ಗಿದ ಶ್ವಾಸಕೋಶ ಮರಳಿ ಹಿಗ್ಗುವಾಗಲೂ, ಇನ್ನೊಂದು ಯಂತ್ರದ ಒತ್ತಡವನ್ನು ಒಂಟಿಯಾಗಿ ತಾಳುವಾಗಲೂ ಅಂಗಾಂಶಕ್ಕೆ ಪೆಟ್ಟಾಗಿ ಉರಿಯೂತ, ಅಂದರೆ ರಕ್ಷಣಾ ಕಣಗಳು ನುಗ್ಗಿ ಊತ ತರುವ ಪ್ರತಿಕ್ರಿಯೆ, ಹುಟ್ಟುತ್ತದೆ. ಆದ್ದರಿಂದಲೇ ಈ ಹೊತ್ತಿನಲ್ಲಿ ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ 4ರಿಂದ 6 ಮಿಲಿಲೀಟರಿನಷ್ಟು ಗಾಳಿಯನ್ನು ಮಾತ್ರ ಪ್ರತಿ ಉಸಿರಿಗೆ ಕೊಡುವ ಎಚ್ಚರವನ್ನು ಅರಿವಳಿಕೆ ತಜ್ಞರು ವಹಿಸುತ್ತಾರೆ.

ತಪ್ಪು ಕಲ್ಪನೆ: ಔಷಧ ಯಾವುದಾದರೂ ಒಂದೇ; ಅದು ನಿದ್ದೆ ಬರಿಸುತ್ತದೆ, ಅಷ್ಟೆ.

ಸತ್ಯ: ಔಷಧಗಳ ನಡುವೆ ವ್ಯತ್ಯಾಸವಿದೆ. ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಮತ್ತು ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್‌ಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ, ಕುಗ್ಗಿಸಿದ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದಲ್ಲಿ ಉರಿಯೂತದ ಸಂಕೇತವಸ್ತುಗಳು ಸೆವೊಫ್ಲುರೇನ್ ಪಡೆದವರಲ್ಲಿ ಕಡಿಮೆಯಿದ್ದವು.

ತಪ್ಪು ಕಲ್ಪನೆ: ಹಾಗಾದರೆ ಸರಿಯಾದ ಔಷಧವೊಂದನ್ನು ಆರಿಸಿದರೆ ಅಪಾಯ ತಪ್ಪಿದಂತೆಯೇ.

ಸತ್ಯ: ದ್ರವದಲ್ಲಿ ಕಂಡ ಲಾಭ ರೋಗಿಯ ಚೇತರಿಕೆಯಲ್ಲಿಯೂ ಕಾಣಲೇಬೇಕೆಂದಿಲ್ಲ. ಅದೇ ದೇಶದಲ್ಲಿ 460 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರೊಪೊಫಾಲ್ ಪಡೆದವರು ಮತ್ತು ಸೆವೊಫ್ಲುರೇನ್‌ನಂತೆಯೇ ಉಸಿರಿನ ಮೂಲಕ ಕೊಡುವ ಡೆಸ್‌ಫ್ಲುರೇನ್ ಪಡೆದವರ ನಡುವೆ ಗಂಭೀರ ತೊಡಕುಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ. ಆದಕಾರಣ ಔಷಧದ ಆಯ್ಕೆಯನ್ನು ರೋಗಿಯ ಹೃದಯ, ಶ್ವಾಸಕೋಶ ಮತ್ತು ಒಟ್ಟು ಆರೋಗ್ಯವನ್ನು ಬಲ್ಲ ತಜ್ಞರಿಗೇ ಬಿಡುವುದು ಸರಿ.

ತಪ್ಪು ಕಲ್ಪನೆ: ಶಸ್ತ್ರಚಿಕಿತ್ಸೆ ಹತ್ತಿರವಿರುವಾಗ ಬೀಡಿ ಬಿಟ್ಟರೆ ಕಫ ಹೆಚ್ಚಿ ಕೇಡಾಗುತ್ತದೆ.

ಸತ್ಯ: ಕೊನೆಯ ದಿನಗಳಲ್ಲಿ ಬಿಟ್ಟರೂ ತೊಡಕು ಹೆಚ್ಚುತ್ತದೆಂಬುದಕ್ಕೆ ಆಧಾರವಿಲ್ಲ, ನಾಲ್ಕು ವಾರ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಶ್ವಾಸಕೋಶಕ್ಕೆ ಆಗುವ ಅನುಕೂಲ ಸ್ಪಷ್ಟವಾಗಿದೆ.

ತಪ್ಪು ಕಲ್ಪನೆ: ಹೊಲಿಗೆ ಬಿಚ್ಚೀತೆಂದು ಕೆಮ್ಮದೆ, ಅಲುಗಾಡದೆ ಮಲಗಿರಬೇಕು.

ಸತ್ಯ: ಕಫ ಉಳಿದುಕೊಂಡರೆ ಶ್ವಾಸಕೋಶದ ತುದಿಗಳು ಮುಚ್ಚಿಕೊಂಡು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ನೋವಿನ ಔಷಧವನ್ನು ಕೇಳಿ ಪಡೆದು, ಗಾಯದ ಮೇಲೆ ದಿಂಬನ್ನು ಒತ್ತಿ ಹಿಡಿದು ಕೆಮ್ಮಬೇಕು. ವೈದ್ಯರು ಹೇಳಿದಾಗ ಎದ್ದು ನಡೆಯಬೇಕು. ಉಸಿರಾಟದ ವ್ಯಾಯಾಮಕ್ಕೆಂದು ಕೊಡುವ ಮೂರು ಗೋಲಿಗಳ ಉಪಕರಣಕ್ಕೆ ಅನೇಕರು ಊದುತ್ತಾರೆ. ಆದರೆ ಅದರ ನಳಿಕೆಯನ್ನು ಬಾಯಿಗಿಟ್ಟು ಗಾಳಿಯನ್ನು ನಿಧಾನವಾಗಿ ಒಳಗೆಳೆದಾಗ ಗೋಲಿಗಳು ಮೇಲೇರಬೇಕು. ಔಷಧದ ಆಯ್ಕೆ ರೋಗಿಯ ಕೈಯಲ್ಲಿರುವುದಿಲ್ಲ; ಬೀಡಿ ಬಿಡುವುದು, ಕೆಮ್ಮುವುದು, ಆಳವಾಗಿ ಉಸಿರೆಳೆಯುವುದು ಇವು ಅವನ ಕೈಯಲ್ಲಿಯೇ ಇರುವ ರಕ್ಷಣೆಗಳಾದ್ದರಿಂದ, ಕುಟುಂಬದವರು ಭಯಕ್ಕೆ ಕೊಡುವ ಗಮನವನ್ನು ಇವುಗಳಿಗೆ ಕೊಡುವುದು ಉಚಿತ.